ಲಘು ವಿಮಾನದಲ್ಲಿ ಸಮುದ್ರದ ಮೇಲೆ ವಿದೇಶಕ್ಕೆ ಹಾರಾಟ: ಸುರಕ್ಷತೆ ಹಾಗೂ ದಾಖಲೆಗಳ ಪೂರ್ವಸಿದ್ಧತೆ
(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಖಾಸಗಿ ಚಾಲಕ ಪರವಾನಗಿ ಹೊಂದಿದ ವ್ಯಕ್ತಿಯು ಒಂದು ಎಂಜಿನ್ನಿನ ಲಘು ವಿಮಾನದಲ್ಲಿ ದೇಶದ ಗಡಿಯನ್ನು ದಾಟಿ ಸಮುದ್ರದ ಮೇಲೆ ಹಾರಿಹೋಗುವುದು ಕಾನೂನಿನಲ್ಲಿ ನಿಷಿದ್ಧವಲ್ಲ. ಆದರೆ ಇದಕ್ಕೆ ಬೇಕಾದ ಸಿದ್ಧತೆಯ ಬಹುಪಾಲು ನೆಲದ ಮೇಲೆ, ಮೇಜಿನ ಮುಂದೆ ನಡೆಯತಕ್ಕದ್ದಾಗಿದೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ನಡುವಿನ ಬೈರಿದೇವರಕೊಪ್ಪದಲ್ಲಿ ವಾಸಿಸುವ ಒಬ್ಬ ಪರವಾನಗಿದಾರರು ಮಾಲ್ಡೀವ್ಸ್‌ನ ಮಾಲೆಗೆ ಹೋಗಬಯಸುತ್ತಾರೆಂದು ಉದಾಹರಣೆಗಾಗಿ ಭಾವಿಸಿ, ಅವರು ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಇದು ಮಾರ್ಗದರ್ಶನ ಮಾತ್ರವಾಗಿದ್ದು, ಹಾರಾಟದ ದಿನದಂದು ಜಾರಿಯಲ್ಲಿರುವ ನಿಯಮಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಮತ್ತು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರದ ಪ್ರಕಟಣೆಗಳಿಂದಲೇ ಖಚಿತಪಡಿಸಿಕೊಳ್ಳತಕ್ಕದ್ದು.

ಹಿನ್ನೆಲೆ

ಲಘು ವಿಮಾನಗಳ ದೂರ ಪ್ರಯಾಣ ಭಾರತೀಯರಿಗೆ ಹೊಸದಲ್ಲ. 1930ರಲ್ಲಿ ಆಗಾ ಖಾನ್ ಬಹುಮಾನಕ್ಕಾಗಿ ಭಾರತ ಮತ್ತು ಇಂಗ್ಲೆಂಡಿನ ನಡುವೆ ಏಕಾಂಗಿಯಾಗಿ ಹಾರಿದವರಲ್ಲಿ ಆಸ್ಪಿ ಎಂಜಿನಿಯರ್ ಹಾಗೂ ಜೆ.ಆರ್.ಡಿ. ಟಾಟಾ ಇದ್ದರು. ಎದುರುಬದುರು ದಿಕ್ಕಿನಲ್ಲಿ ಹೊರಟಿದ್ದ ಇಬ್ಬರೂ ಈಜಿಪ್ಟಿನಲ್ಲಿ ಸಂಧಿಸಿದಾಗ, ಸ್ಪಾರ್ಕ್ ಪ್ಲಗ್ ಕೊರತೆಯಿಂದ ನಿಂತುಬಿಟ್ಟಿದ್ದ ಆಸ್ಪಿಯವರಿಗೆ ಟಾಟಾ ಅವರು ತಮ್ಮ ಬಳಿಯಿದ್ದುದನ್ನು ಕೊಟ್ಟರು. ಬಹುಮಾನ ಆಸ್ಪಿಯವರಿಗೆ ಸಂದಿತು. ಒಂದು ಸಣ್ಣ ಬಿಡಿಭಾಗವು ಇಡೀ ಪ್ರಯಾಣವನ್ನು ತಡೆಯಬಲ್ಲದೆಂಬುದು ಇಂದಿಗೂ ಬದಲಾಗಿಲ್ಲ. 1932ರ ಅಕ್ಟೋಬರ್ 15ರಂದು ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ತಂದ ಅಂಚೆಯನ್ನು ನೆವಿಲ್ ವಿನ್ಸೆಂಟ್ ಅವರು ಮುಂದೆ ಮದರಾಸಿಗೆ ಒಯ್ದ ಮಾರ್ಗದಲ್ಲಿ ಬಳ್ಳಾರಿಯೂ ಒಂದು ನಿಲುಗಡೆಯಾಗಿತ್ತು. ಕರ್ನಾಟಕದಲ್ಲಿ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯು 1949ರಲ್ಲಿ ಪ್ರಾರಂಭವಾಯಿತು.

ಸಮೀಪ ಕಾಲದಲ್ಲಿ, 2019ರ ಮೇ ತಿಂಗಳಲ್ಲಿ ಮುಂಬಯಿಯ ಆರೋಹಿ ಪಂಡಿತ್ ಅವರು 'ಮಾಹಿ' ಎಂಬ ಸೈನಸ್ 912 ಲಘು ಕ್ರೀಡಾ ವಿಮಾನದಲ್ಲಿ ಸ್ಕಾಟ್ಲೆಂಡಿನಿಂದ ಐಸ್‌ಲೆಂಡ್, ಗ್ರೀನ್‌ಲೆಂಡ್ ಮಾರ್ಗವಾಗಿ ಕೆನಡಾದ ಇಕಾಲುಯಿಟ್ ತಲುಪಿ, ಇಂತಹ ವಿಮಾನದಲ್ಲಿ ಏಕಾಂಗಿಯಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೊದಲ ಮಹಿಳೆ ಎನಿಸಿದರು. ಅವರು ಸಾಗರವನ್ನು ಒಂದೇ ನೆಗೆತಕ್ಕೆ ದಾಟಲಿಲ್ಲ. ದ್ವೀಪದಿಂದ ದ್ವೀಪಕ್ಕೆ ದಾಟಿದರು ಎಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಹೊರಡುವ ನಿಲ್ದಾಣ

ಗೋಕುಲ ರಸ್ತೆಯಲ್ಲಿರುವ ಹುಬ್ಬಳ್ಳಿ ವಿಮಾನ ನಿಲ್ದಾಣವು ಬೈರಿದೇವರಕೊಪ್ಪಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಇದರ ಹೊಸ ಟರ್ಮಿನಲ್ 2017ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಆದಾಗ್ಯೂ ಇಲ್ಲಿಂದ ನೇರವಾಗಿ ವಿದೇಶಕ್ಕೆ ಹೊರಡಲು ಬರುವುದಿಲ್ಲ. ಸುಂಕ ಅಧಿನಿಯಮ, 1962ರ 7ನೇ ಪ್ರಕರಣದಡಿ ಸುಂಕ ವಿಮಾನ ನಿಲ್ದಾಣವೆಂದು ಅಧಿಸೂಚಿತವಾದ ಸ್ಥಳದಿಂದ ಮಾತ್ರ ದೇಶವನ್ನು ಬಿಡಬಹುದು ಮತ್ತು ಅಂತಹ ಸ್ಥಳದಲ್ಲಿಯೇ ಮರಳಿ ಇಳಿಯತಕ್ಕದ್ದು. ವಿಮಾನವು ಎಷ್ಟೇ ಚಿಕ್ಕದಾಗಿದ್ದರೂ, ಅದರಲ್ಲಿ ಚಾಲಕರ ಹೊರತು ಬೇರಾರೂ ಇಲ್ಲದಿದ್ದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಆದ್ದರಿಂದ ಪ್ರಯಾಣವನ್ನು ಎರಡು ಭಾಗವಾಗಿ ಯೋಜಿಸಬೇಕಾಗುತ್ತದೆ. ಮೊದಲನೆಯದು ಹುಬ್ಬಳ್ಳಿಯಿಂದ ಮಂಗಳೂರು, ಬೆಂಗಳೂರು ಅಥವಾ ತಿರುವನಂತಪುರದವರೆಗಿನ ದೇಶೀಯ ಹಾರಾಟ; ಎರಡನೆಯದು ಅಲ್ಲಿಂದ ಮುಂದಿನ ಅಂತರರಾಷ್ಟ್ರೀಯ ಹಾರಾಟ. ಮಾಲೆಗೆ ಹೋಗುವವರಿಗೆ ತಿರುವನಂತಪುರ ಅನುಕೂಲ. ಅಲ್ಲಿಂದ ಮಾಲೆ ಸುಮಾರು 606 ಕಿ.ಮೀ., ಅಂದರೆ 327 ನಾಟಿಕಲ್ ಮೈಲಿ. ಮಾಲ್ಡೀವ್ಸ್‌ನ ಉತ್ತರ ಭಾಗದ ಹನಿಮಾಧೂ ಸುಮಾರು 456 ಕಿ.ಮೀ. ಶ್ರೀಲಂಕಾಕ್ಕೆ ಹೋಗಬಯಸುವವರಿಗೆ ತಿರುಚಿರಾಪಳ್ಳಿಯಿಂದ ಜಾಫ್ನಾ 185 ಕಿ.ಮೀ. ಆಸುಪಾಸಿನಲ್ಲಿದ್ದು, ಅದರಲ್ಲಿ ನೀರಿನ ಮೇಲಿನ ಭಾಗ ಇನ್ನೂ ಕಡಿಮೆ. ಜಾಫ್ನಾ ನಿಲ್ದಾಣವು 2019ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ನಿಲ್ದಾಣವಾಗಿ ಪುನಃ ತೆರೆಯಿತು. ಮೊದಲ ಬಾರಿಗೆ ಸಮುದ್ರ ದಾಟುವವರು ಮಾಲೆಗಿಂತ ಈ ಮಾರ್ಗವನ್ನು ಆಯ್ದುಕೊಳ್ಳುವುದು ಸೂಕ್ತ.

ವಿಮಾನದಲ್ಲಿ ಇರತಕ್ಕ ದಾಖಲೆಗಳು

1944ರ ಡಿಸೆಂಬರ್ 7ರಂದು ಷಿಕಾಗೋದಲ್ಲಿ ಸಹಿಯಾದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಡಂಬಡಿಕೆಯ 29ನೇ ಅನುಚ್ಛೇದವು ಈ ವಿಷಯದಲ್ಲಿ ಮೂಲಾಧಾರ. ಅದರನ್ವಯ ನೋಂದಣಿ ಪ್ರಮಾಣಪತ್ರ, ಹಾರಾಟ ಯೋಗ್ಯತಾ ಪ್ರಮಾಣಪತ್ರ, ಪ್ರತಿಯೊಬ್ಬ ಸಿಬ್ಬಂದಿಯ ಪರವಾನಗಿ, ಪ್ರಯಾಣದ ಲಾಗ್ ಪುಸ್ತಕ, ರೇಡಿಯೋ ಇದ್ದಲ್ಲಿ ಅದರ ಪರವಾನಗಿ, ಪ್ರಯಾಣಿಕರಿದ್ದಲ್ಲಿ ಅವರ ಹೆಸರು ಹಾಗೂ ಹತ್ತುವ-ಇಳಿಯುವ ಸ್ಥಳಗಳ ಪಟ್ಟಿ, ಸರಕು ಇದ್ದಲ್ಲಿ ಅದರ ಪಟ್ಟಿ ಮತ್ತು ವಿವರವಾದ ಘೋಷಣೆ ವಿಮಾನದೊಳಗೇ ಇರಬೇಕು. ಜೊತೆಗೆ ಭಾರತದಲ್ಲಿ ಹಾರಾಟ ಯೋಗ್ಯತಾ ಪರಿಶೀಲನಾ ಪ್ರಮಾಣಪತ್ರ, ತೂಕ ಮತ್ತು ಸಮತೋಲನದ ಪಟ್ಟಿ, ವಿಮಾನದ ಕೈಪಿಡಿ ಹಾಗೂ ವಿಮಾ ಪತ್ರ ಅಗತ್ಯ. ಮೂಲ ಪ್ರತಿಗಳನ್ನು ಒಂದು ಕಡತದಲ್ಲಿಯೂ, ದೃಢೀಕೃತ ನಕಲುಗಳ ಎರಡು ಪ್ರತ್ಯೇಕ ಕಟ್ಟುಗಳನ್ನು ಬೇರೆಡೆಯೂ ಇಡುವುದು ಒಳ್ಳೆಯದು. ವಿದೇಶಿ ನಿಲ್ದಾಣದ ಅಧಿಕಾರಿಯು ಕಡತವನ್ನು ಪಡೆದು ಒಳಗೆ ಹೋದಾಗ, ಚಾಲಕರ ಕೈಯಲ್ಲಿ ಏನಾದರೂ ಉಳಿದಿರಬೇಕು.

ಲಘು ಕ್ರೀಡಾ ವಿಮಾನ ಹಾಗೂ ಮೈಕ್ರೋಲೈಟ್‌ಗಳ ಮಾಲೀಕರು ಒಂದು ಅಂಶವನ್ನು ಮರೆಯಬಾರದು. ಅಂತರರಾಷ್ಟ್ರೀಯ ಮಾನದಂಡಕ್ಕೆ ಪೂರ್ಣವಾಗಿ ಸರಿಹೊಂದದ ಪ್ರಮಾಣಪತ್ರವಿರುವ ವಿಮಾನವು ಒಡಂಬಡಿಕೆಯ 40ನೇ ಅನುಚ್ಛೇದದನ್ವಯ ತಾನು ಪ್ರವೇಶಿಸುವ ಪ್ರತಿಯೊಂದು ದೇಶದ ಅನುಮತಿ ಇಲ್ಲದೆ ಗಡಿ ದಾಟುವಂತಿಲ್ಲ. ದಾರಿಯಲ್ಲಿ ಮೂರು ದೇಶಗಳಿದ್ದರೆ ಮೂರು ಅರ್ಜಿಗಳು. ಒಂದು ದೇಶದ ಅನುಮತಿಯ ಅವಧಿ ಮುಗಿಯುವುದರೊಳಗೆ ಮತ್ತೊಂದರದು ಬಾರದೆ ಇದ್ದರೆ ಮೊದಲಿನಿಂದ ಪ್ರಾರಂಭಿಸಬೇಕಾಗುತ್ತದೆ.

ಚಾಲಕರ ಅರ್ಹತೆಗೆ ಸಂಬಂಧಿಸಿದಂತೆ ಖಾಸಗಿ ಚಾಲಕ ಪರವಾನಗಿ, ಚಾಲ್ತಿಯಲ್ಲಿರುವ ವೈದ್ಯಕೀಯ ಪ್ರಮಾಣಪತ್ರ, ರೇಡಿಯೋ ದೂರವಾಣಿ ಪರವಾನಗಿ ಹಾಗೂ ಇಂಗ್ಲಿಷ್ ಭಾಷಾ ಸಾಮರ್ಥ್ಯದ ಕನಿಷ್ಠ 4ನೇ ಹಂತದ ದಾಖಲೆ ಬೇಕು. ವಿಮಾನ ಅಧಿನಿಯಮ, 1934ರ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮ, 2024 ಬಂದಿದ್ದು, 2025ರ ಜನವರಿ 1ರಿಂದ ಜಾರಿಯಲ್ಲಿದೆ. ರೇಡಿಯೋ ದೂರವಾಣಿ ಪ್ರಮಾಣಪತ್ರದ ಹೊಣೆಯು ದೂರಸಂಪರ್ಕ ಇಲಾಖೆಯಿಂದ ಡಿಜಿಸಿಎಗೆ ಬಂದಿರುವುದು ಈ ಅಧಿನಿಯಮದ ಫಲ. ಹಳೆಯ ಕೈಪಿಡಿಗಳಲ್ಲಿ ಇದು ಬೇರೆಯಾಗಿರುತ್ತದೆ.

ಇದೆಲ್ಲಕ್ಕಿಂತ ಹೆಚ್ಚಾಗಿ ಯೋಜನೆಯನ್ನು ನಿರ್ಧರಿಸುವ ಒಂದು ನಿಯಮವಿದೆ. ಭಾರತದ ನಿಯಂತ್ರಿತ ವಾಯುಪ್ರದೇಶದಲ್ಲಿ ತೀರದಿಂದ 100 ನಾಟಿಕಲ್ ಮೈಲಿಗಿಂತ ಆಚೆಗೆ ಸಮುದ್ರದ ಮೇಲೆ ದೃಶ್ಯ ನಿಯಮದ ಹಾರಾಟಕ್ಕೆ ಅವಕಾಶವಿಲ್ಲ; ಸೂರ್ಯಾಸ್ತದ ನಂತರವೂ ಇಲ್ಲ. ತಿರುವನಂತಪುರ-ಮಾಲೆ ಮಾರ್ಗದ ನಡುಭಾಗವು ಯಾವುದೇ ತೀರದಿಂದ ಇದಕ್ಕಿಂತ ದೂರದಲ್ಲಿದೆ. ಅಂದರೆ ಕೇವಲ ಖಾಸಗಿ ಪರವಾನಗಿ ಇದ್ದರೆ ಸಾಲದು. ಚಾಲಕರಿಗೆ ಉಪಕರಣಾಧಾರಿತ ಹಾರಾಟದ ಅರ್ಹತೆಯೂ, ವಿಮಾನದಲ್ಲಿ ತಕ್ಕ ಉಪಕರಣಗಳೂ ಇರಬೇಕು. ಹಲವರ ಯೋಜನೆ ಇಲ್ಲಿಗೇ ನಿಲ್ಲುತ್ತದೆ, ನಿಲ್ಲುವುದೇ ಕ್ಷೇಮ. ಮೋಡದ ನಡುವೆ, ಕೆಳಗೆ ಸಮುದ್ರವೂ ಮೇಲೆ ಆಕಾಶವೂ ಒಂದೇ ಬೂದುಬಣ್ಣವಾಗಿ ದಿಗಂತವೇ ಕಾಣದಾದಾಗ, ಉಪಕರಣಗಳನ್ನು ನಂಬಿ ಹಾರಲು ಕಲಿಯದವರು ದಿಕ್ಕುಗೆಡುತ್ತಾರೆ.

ಅನುಮತಿ ಸಂಖ್ಯೆಗಳು

ಹಾರಾಟ ಯೋಜನೆಯನ್ನು ಸಲ್ಲಿಸಿದ ಮೇಲೆ ಹಾರಾಟ ಮಾಹಿತಿ ಕೇಂದ್ರದಿಂದ ಎಫ್‌ಐಸಿ ಸಂಖ್ಯೆಯನ್ನೂ, ವಾಯುಪಡೆಯ ಸಂಪರ್ಕ ಘಟಕದಿಂದ ವಾಯು ರಕ್ಷಣಾ ಅನುಮತಿ, ಅಂದರೆ ಎಡಿಸಿ ಸಂಖ್ಯೆಯನ್ನೂ ಪಡೆಯತಕ್ಕದ್ದು. ಮರಳಿ ಬರುವಾಗ ಇದು ಇನ್ನೂ ಮುಖ್ಯ. ಸಮುದ್ರದ ಕಡೆಯಿಂದ ಭಾರತದ ಕಡೆಗೆ ಬರುತ್ತಿರುವ ಗುರುತಿಲ್ಲದ ಚಿಕ್ಕ ವಿಮಾನವನ್ನು ರಕ್ಷಣಾ ವ್ಯವಸ್ಥೆಯು ಹೇಗೆ ಕಾಣುತ್ತದೆಂಬುದನ್ನು ಹೇಳಬೇಕಾಗಿಲ್ಲ. ಟ್ರಾನ್ಸ್‌ಪಾಂಡರ್ ಕೆಟ್ಟಿದ್ದರೆ ಹೊರಡಬಾರದು.

ಸುಂಕ ಅಧಿನಿಯಮದ 41ನೇ ಪ್ರಕರಣದಡಿ ನಿರ್ಗಮನ ಪಟ್ಟಿಯನ್ನು ಸಲ್ಲಿಸಿ, 42ನೇ ಪ್ರಕರಣದಡಿ ಅಧಿಕಾರಿಯ ಲಿಖಿತ ಆದೇಶ ಪಡೆದ ನಂತರವೇ ವಿಮಾನವು ನಿಲ್ದಾಣವನ್ನು ಬಿಡಬಹುದು. ಹಿಂತಿರುಗಿದಾಗ 30ನೇ ಪ್ರಕರಣದ ಆಗಮನ ಪಟ್ಟಿ. ವಿಮಾನವು ತಾತ್ಕಾಲಿಕವಾಗಿ ಹೊರಹೋಗಿ ಅದೇ ವಿಮಾನ ಮರಳಿದೆ ಎಂಬುದಕ್ಕೆ ಕ್ರಮಸಂಖ್ಯೆಗಳಿರುವ ದಾಖಲೆಯನ್ನು ಹೊರಡುವಾಗಲೇ ಮಾಡಿಸಿಕೊಳ್ಳುವುದು ವಿವೇಕ: ವಿಮಾನದ ಕ್ರಮಸಂಖ್ಯೆ, ಎಂಜಿನ್ನಿನದು, ಕಳಚಬಹುದಾದ ರೇಡಿಯೋ ಹಾಗೂ ಜಿಪಿಎಸ್ ಉಪಕರಣಗಳದು. ವಿದೇಶದಲ್ಲಿ ಬಿಡಿಭಾಗ ಬದಲಾಯಿಸಿದ್ದರೆ ಅದರ ರಸೀದಿಯನ್ನು ಕಳೆಯಬಾರದು.

ವಿಮಾ ಪತ್ರದಲ್ಲಿ ಸಾಮಾನ್ಯವಾಗಿ ಯಾರೂ ಓದದ ಪುಟವೆಂದರೆ ಭೌಗೋಳಿಕ ವ್ಯಾಪ್ತಿಯ ಪುಟ. ವ್ಯಾಪ್ತಿಯು ಭಾರತಕ್ಕೆ ಸೀಮಿತವಾಗಿದ್ದರೆ ಗಡಿ ದಾಟಿದ ಕ್ಷಣದಿಂದ ವಿಮಾನವೂ, ಅದರಿಂದ ಮೂರನೆಯವರಿಗೆ ಆಗಬಹುದಾದ ಹಾನಿಯೂ ವಿಮೆಯ ಹೊರಗೆ. ವ್ಯಾಪ್ತಿ ವಿಸ್ತರಣೆಯನ್ನು ಹಿಂಬರಹದ ಮೂಲಕ ಲಿಖಿತವಾಗಿ ಪಡೆಯತಕ್ಕದ್ದು. ದೂರವಾಣಿಯಲ್ಲಿ ದೊರೆತ ಭರವಸೆ ಸಾಲದು. ಚಾಲಕರ ಕನಿಷ್ಠ ಹಾರಾಟ ಗಂಟೆಗಳ ಷರತ್ತು, ಉಪಕರಣಾಧಾರಿತ ಹಾರಾಟದ ಅರ್ಹತೆಯ ಷರತ್ತು, ಬೇರೊಬ್ಬರು ಚಾಲನೆ ಮಾಡಿದಲ್ಲಿ ಅನ್ವಯವಾಗುವ ಷರತ್ತು ಇವುಗಳನ್ನೂ ಓದಬೇಕು. ಶೋಧ ಮತ್ತು ರಕ್ಷಣೆಯ ನಂತರದ ಚಿಕಿತ್ಸೆ, ಮುಳುಗಿದ ವಿಮಾನವನ್ನು ಎತ್ತುವ ವೆಚ್ಚ ಪತ್ರದಲ್ಲಿ ಸೇರಿದೆಯೇ ಎಂದು ಕೇಳಿ ತಿಳಿಯತಕ್ಕದ್ದು. ದುಃಖದಲ್ಲಿರುವ ಕುಟುಂಬವು ಈ ಪುಟವನ್ನು ಮೊದಲ ಬಾರಿಗೆ ಓದುವಂತಾಗಬಾರದು.

ಖಾಸಗಿ ಚಾಲಕರನ್ನು ವಿದೇಶದ ವಲಸೆ ಅಧಿಕಾರಿಗಳು ವಿಮಾನಸಂಸ್ಥೆಯ ಸಿಬ್ಬಂದಿಯಂತೆ ಕಾಣುವುದಿಲ್ಲವೆಂದೇ ತಿಳಿದು ಪಾಸ್‌ಪೋರ್ಟ್, ವೀಸಾ ಮುಂತಾದವುಗಳನ್ನು ಇತರ ಪ್ರಯಾಣಿಕರಂತೆಯೇ ಹೊಂದಿರತಕ್ಕದ್ದು.

ಇಂಧನ

ಪಿಸ್ಟನ್ ಎಂಜಿನ್ನಿನ ಬಹುತೇಕ ವಿಮಾನಗಳಿಗೆ ಬೇಕಾದುದು ಆವ್‌ಗ್ಯಾಸ್. ದೊಡ್ಡ ವಿಮಾನಗಳ ಎಟಿಎಫ್ ಅಲ್ಲ. ಇಂಡಿಯನ್ ಆಯಿಲ್ ಸಂಸ್ಥೆಯು ದೇಶದಲ್ಲಿಯೇ ತಯಾರಿಸಿದ ಆವ್‌ಗ್ಯಾಸ್ 100 ಎಲ್‌ಎಲ್ ಅನ್ನು 2022ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಆದರೂ ಎಲ್ಲ ನಿಲ್ದಾಣಗಳಲ್ಲಿ ಅದು ಸಿಗುವುದಿಲ್ಲ. ದ್ವೀಪಗಳ ನಿಲ್ದಾಣಗಳಲ್ಲಿ ಸಿಗುವುದೇ, ಎಷ್ಟು ಪ್ರಮಾಣದಲ್ಲಿ, ಪಾವತಿ ಹೇಗೆ ಎಂಬುದನ್ನು ಅಲ್ಲಿನ ಪ್ರತಿನಿಧಿಯಿಂದ ಲಿಖಿತವಾಗಿ ತಿಳಿಯದೆ ಹೊರಡಬಾರದು. ತುಂಬಿಸುವಾಗ ಚಾಲಕರು ಸ್ವತಃ ನಿಂತು ನೋಡತಕ್ಕದ್ದು. ಆವ್‌ಗ್ಯಾಸ್ ಟ್ಯಾಂಕಿಗೆ ಎಟಿಎಫ್ ಬಿದ್ದರೆ ಎಂಜಿನ್ ಆಕಾಶಕ್ಕೇರಿದ ನಂತರ ನಿಲ್ಲುತ್ತದೆ.

ಎಷ್ಟು ಇಂಧನ ಸಾಕು ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ಗಂಟೆಗೆ 110 ನಾಟ್ ವೇಗದ ನಾಲ್ಕು ಆಸನದ ಸೆಸ್ನಾ 172 ಮಾದರಿಯ ವಿಮಾನಕ್ಕೆ, ಮೀಸಲು ಇಂಧನವನ್ನು ಕಳೆದು 4 ಗಂಟೆ 30 ನಿಮಿಷದ ಹಾರಾಟ ಸಾಮರ್ಥ್ಯವಿದೆಯೆಂದು ಇಟ್ಟುಕೊಳ್ಳೋಣ. ಗಾಳಿಯಿಲ್ಲದಿದ್ದರೆ ತಿರುವನಂತಪುರದಿಂದ ಮಾಲೆಗೆ ಸುಮಾರು 3 ಗಂಟೆ. ನೈಋತ್ಯದಿಂದ 20 ನಾಟ್ ಎದುರುಗಾಳಿ ಇದ್ದಲ್ಲಿ ನೆಲದ ಮೇಲಿನ ವೇಗ 90 ನಾಟ್‌ಗೆ ಇಳಿದು ಪ್ರಯಾಣ 3 ಗಂಟೆ 38 ನಿಮಿಷವಾಗುತ್ತದೆ. ಆಗ ಮುಂದಕ್ಕೂ ಹಿಂದಕ್ಕೂ ಸಮಾನ ಸಮಯ ಹಿಡಿಯುವ ಬಿಂದುವು ನಡುಮಾರ್ಗದ 163ನೇ ಮೈಲಿಯಲ್ಲಿ ಇರದೆ 193ನೇ ನಾಟಿಕಲ್ ಮೈಲಿಗೆ ಸರಿಯುತ್ತದೆ. ಅದಕ್ಕೆ ಮುಂಚೆ ತೊಂದರೆ ಕಂಡರೆ ಹಿಂತಿರುಗುವುದೇ ಹತ್ತಿರ. 239ನೇ ಮೈಲಿ ದಾಟಿದ ಮೇಲೆ ಮೀಸಲನ್ನು ಮುಟ್ಟದೆ ತಿರುವನಂತಪುರಕ್ಕೆ ಮರಳಲು ಆಗುವುದಿಲ್ಲ.

ಇನ್ನು ಮಾಲೆಯ ಮೇಲೆ ಮಳೆ ಕವಿದು ಇಳಿಯಲಾಗದಿದ್ದರೆ? ಹನಿಮಾಧೂ ಅಲ್ಲಿಂದ ಉತ್ತರಕ್ಕೆ ಸುಮಾರು 153 ನಾಟಿಕಲ್ ಮೈಲಿ. ಹಿಂಗಾಳಿಯ ನೆರವಿದ್ದರೂ 1 ಗಂಟೆ 10 ನಿಮಿಷ. ಒಟ್ಟು 4 ಗಂಟೆ 48 ನಿಮಿಷ. ಸಾಮರ್ಥ್ಯ 4 ಗಂಟೆ 30 ನಿಮಿಷ ಮಾತ್ರ. ಹೀಗಾಗಿ ಆ ದಿನ ಹನಿಮಾಧೂವನ್ನು ಪರ್ಯಾಯ ನಿಲ್ದಾಣವೆಂದು ಕಾಗದದಲ್ಲಿ ಬರೆದರೂ ಅದು ನಿಜವಾಗಿ ಪರ್ಯಾಯವಲ್ಲ. ಹತ್ತಿರದ ಬೇರೊಂದು ನಿಲ್ದಾಣವನ್ನು ಹುಡುಕಬೇಕು, ಇಲ್ಲವೇ ಹನಿಮಾಧೂವಿನಲ್ಲೇ ಮೊದಲು ಇಳಿಯಬೇಕು, ಇಲ್ಲವೇ ಹೊರಡಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಕಾಲದಲ್ಲಿ ಎದುರುಗಾಳಿಯೂ, ಎತ್ತರದ ಗುಡುಗು ಮೋಡಗಳೂ ಇರುವುದರಿಂದ ಈ ಯೋಜನೆಯನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಗೆ ಇಟ್ಟುಕೊಳ್ಳುವುದು ಲೇಸು.

ನೀರಿನ ಮೇಲೆ ಸುರಕ್ಷತೆ

ಸೆಸ್ನಾ 172ರಂತಹ ವಿಮಾನವು ಎಂಜಿನ್ ನಿಂತಾಗ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ತೇಲುತ್ತದೆ. 8,000 ಅಡಿಯಿಂದ ಸುಮಾರು 22 ಕಿ.ಮೀ. ತೀರ ಇದಕ್ಕಿಂತ ದೂರವಿದ್ದರೆ ನೀರಿನಲ್ಲಿ ಇಳಿಯುವುದೊಂದೇ ದಾರಿ. ಆದ್ದರಿಂದ ತೇಲಿ ತಲುಪಬಹುದಾದ ದೂರವನ್ನು ಮೀರಿ ಹಾರುವ ಒಂದು ಎಂಜಿನ್ನಿನ ವಿಮಾನದಲ್ಲಿ ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಇರತಕ್ಕದ್ದು. ತೀರದಿಂದ 185 ಕಿ.ಮೀ.ಗಿಂತ ಆಚೆಗೆ ಹೋಗುವಾಗ ಎಲ್ಲರನ್ನೂ ಹೊರುವಷ್ಟು ರಕ್ಷಣಾ ತೆಪ್ಪ ಹಾಗೂ ಸಂಕೇತ ಜ್ವಾಲೆಗಳಿರಬೇಕೆಂಬುದು ಅಂತರರಾಷ್ಟ್ರೀಯವಾಗಿ ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. ತಿರುವನಂತಪುರ-ಮಾಲೆ ಮಾರ್ಗ ಇದನ್ನು ಮೀರುತ್ತದೆ.

ಜಾಕೆಟ್ಟನ್ನು ಆಸನದ ಕೆಳಗೆ ಇಡುವುದಲ್ಲ, ಹೊರಡುವ ಮುನ್ನವೇ ಧರಿಸತಕ್ಕದ್ದು. ಇಕ್ಕಟ್ಟಾದ ಕ್ಯಾಬಿನ್‌ನಲ್ಲಿ, ಇಳಿಯಲು ಕೆಲವೇ ನಿಮಿಷಗಳಿರುವಾಗ ಅದನ್ನು ತೊಡುವುದು ಸಾಧ್ಯವಾಗದು. ಆದರೆ ಅದಕ್ಕೆ ಗಾಳಿ ತುಂಬಿಸುವುದು ವಿಮಾನದಿಂದ ಹೊರಬಂದ ಮೇಲೆಯೇ. ಒಳಗೇ ಉಬ್ಬಿಸಿದ ಜಾಕೆಟ್ ನೀರು ತುಂಬಿದ ಕ್ಯಾಬಿನ್ನಿನಲ್ಲಿ ವ್ಯಕ್ತಿಯನ್ನು ಛಾವಣಿಗೆ ಒತ್ತಿ ಹಿಡಿದು ಬಾಗಿಲಿನತ್ತ ಮುಳುಗಿ ಹೋಗದಂತೆ ಮಾಡುತ್ತದೆ. ಪ್ರಯಾಣಿಕರಿಗೆ ಇದನ್ನು ಹೊರಡುವ ಮೊದಲು ಅವರ ಭಾಷೆಯಲ್ಲಿಯೇ ಹೇಳಿ, ಕಣ್ಣು ಮುಚ್ಚಿಕೊಂಡು ಬೆಲ್ಟ್ ಬಿಚ್ಚಿ ಬಾಗಿಲ ಹಿಡಿಕೆಯನ್ನು ಮುಟ್ಟುವ ಅಭ್ಯಾಸ ಮಾಡಿಸತಕ್ಕದ್ದು. ಸ್ಥಿರ ಚಕ್ರಗಳ ವಿಮಾನವು ನೀರಿಗೆ ತಾಗಿದೊಡನೆ ಮಗುಚಿಕೊಳ್ಳುವ ಸಂಭವ ಹೆಚ್ಚು. ತಲೆಕೆಳಗಾದಾಗ ಎಡಬಲ ತಿಳಿಯದು. ಕೈ ಮಾತ್ರ ತಾನು ಕಲಿತದ್ದನ್ನು ಮರೆಯುವುದಿಲ್ಲ.

ಇಳಿಯುವ ಮುನ್ನ ಬಾಗಿಲನ್ನು ಸಡಿಲಿಸಿ ತೆರೆದಿಡುವುದು, ಉಬ್ಬರದ ಅಲೆಗಳಿಗೆ ಅಡ್ಡವಾಗಿ ಬಾರದೆ ಅವುಗಳ ಉದ್ದಕ್ಕೆ ಸಮಾನಾಂತರವಾಗಿ, ಆದಷ್ಟು ಕಡಿಮೆ ವೇಗದಲ್ಲಿ ಇಳಿಸುವುದು ಸಾಮಾನ್ಯ ಕ್ರಮ. ತೆಪ್ಪವನ್ನು ಸಾಮಾನುಗಳ ಅಡಿಯಲ್ಲಿ ಇಡದೆ ಕೈಗೆಟುಕುವಲ್ಲಿ ಇರಿಸಿ, ಅದನ್ನು ಯಾರು ಹಿಡಿದು ಹೊರಬರಬೇಕೆಂಬುದನ್ನು ಮೊದಲೇ ನಿಗದಿಪಡಿಸತಕ್ಕದ್ದು. ನಮ್ಮ ಸಮುದ್ರದ ನೀರು ಅಟ್ಲಾಂಟಿಕ್‌ನಂತೆ ಕೊರೆಯುವುದಿಲ್ಲ. ಇಲ್ಲಿ ಬಳಲಿಸುವುದು ಬಿಸಿಲು ಮತ್ತು ಬಾಯಾರಿಕೆ. ಆದಕಾರಣ ಕುಡಿಯುವ ನೀರು, ತಲೆಗೆ ಹೊದಿಕೆ, ಕನ್ನಡಿ, ಸೀಟಿ ತೆಪ್ಪದ ಚೀಲದಲ್ಲಿಯೇ ಇರಲಿ.

ಶೋಧ ಮತ್ತು ರಕ್ಷಣೆ

406 ಮೆಗಾಹರ್ಟ್ಸ್‌ನ ತುರ್ತು ಸಂಕೇತಕ ಅತ್ಯಗತ್ಯ. ಹಳೆಯ 121.5 ಮೆಗಾಹರ್ಟ್ಸ್ ಸಂಕೇತಗಳನ್ನು ಉಪಗ್ರಹಗಳು ಗ್ರಹಿಸುವುದು 2009ರ ಫೆಬ್ರವರಿ 1ರಿಂದ ನಿಂತಿದೆ. 406ರ ಸಂಕೇತವು ಕಾಸ್ಪಾಸ್-ಸಾರ್ಸಾಟ್ ಉಪಗ್ರಹ ವ್ಯವಸ್ಥೆಯ ಮೂಲಕ ಬೆಂಗಳೂರಿನಲ್ಲಿ ಇಸ್ರೋದ ಇಸ್ಟ್ರಾಕ್ ನಡೆಸುವ ಭಾರತೀಯ ನಿಯಂತ್ರಣ ಕೇಂದ್ರವನ್ನು ತಲುಪುತ್ತದೆ. ಮಾಲ್ಡೀವ್ಸ್ ಹಾಗೂ ಶ್ರೀಲಂಕಾ ಸಹ ಈ ಕೇಂದ್ರದ ಸೇವಾ ವ್ಯಾಪ್ತಿಯಲ್ಲಿವೆ. ಆದರೆ ಸಂಕೇತಕವು ಕಳುಹಿಸುವುದು ಒಂದು ಸಂಖ್ಯೆಯನ್ನು. ಆ ಸಂಖ್ಯೆ ಯಾರದು, ಯಾರಿಗೆ ಕರೆ ಮಾಡಬೇಕು ಎಂಬುದು ನೋಂದಣಿಯಿಂದ ಮಾತ್ರ ತಿಳಿಯುತ್ತದೆ. ಬೇರೆಯವರಿಂದ ಕೊಂಡ ವಿಮಾನದಲ್ಲಿ ಹಿಂದಿನ ಮಾಲೀಕರ ಹೆಸರೇ ಉಳಿದಿರಬಹುದಾದ್ದರಿಂದ ನೋಂದಣಿಯನ್ನು ಹೊಸದಾಗಿ ಮಾಡಿಸಿ, ಮನೆಯಲ್ಲಿರುವವರ ದೂರವಾಣಿ ಸಂಖ್ಯೆಯನ್ನು ಅದರಲ್ಲಿ ನಮೂದಿಸತಕ್ಕದ್ದು.

ಹಾರಾಟ ಯೋಜನೆಯ 19ನೇ ಕಾಲಮ್ಮನ್ನು ಖಾಲಿ ಬಿಡುವ ರೂಢಿ ಒಳ್ಳೆಯದಲ್ಲ. ವಿಮಾನದಲ್ಲಿರುವವರ ಸಂಖ್ಯೆ, ಇಂಧನದ ಅವಧಿ, ಜಾಕೆಟ್‌ಗಳು, ತೆಪ್ಪಗಳ ಸಂಖ್ಯೆ, ಅವುಗಳ ಸಾಮರ್ಥ್ಯ ಮತ್ತು ಬಣ್ಣ, ವಿಮಾನದ ಬಣ್ಣ ಇವೆಲ್ಲ ಅಲ್ಲಿಯೇ ಬರಬೇಕು. ವಿಮಾನದಿಂದ ನಿರೀಕ್ಷಿತ ಸಂದೇಶ ಬಾರದೆ 30 ನಿಮಿಷ ಕಳೆದಾಗ ಅನಿಶ್ಚಿತತೆಯ ಹಂತ ಆರಂಭವಾಗುತ್ತದೆ. ಹುಡುಕುವವರು ಮೊದಲು ತೆರೆಯುವುದು ಈ ಕಾಲಮ್ಮನ್ನೇ. ತೀರ ರಕ್ಷಣಾ ಪಡೆಯ ಸಹಾಯವಾಣಿ 1554 ಆಗಿದ್ದು, ಇದನ್ನು ಕುಟುಂಬದವರಿಗೆ ಬರೆದು ಕೊಡತಕ್ಕದ್ದು.

ಒಂದು ಎಚ್ಚರಿಕೆ ಅವಶ್ಯ. ವಿದೇಶದಲ್ಲಿ ಸುಲಭವಾಗಿ ದೊರೆಯುವ ಉಪಗ್ರಹ ದೂರವಾಣಿ ಹಾಗೂ ಉಪಗ್ರಹ ಸಂದೇಶ ಉಪಕರಣಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಹೊಂದುವಂತಿಲ್ಲ. ಸುರಕ್ಷತೆಗೆಂದು ಕೊಂಡು ತಂದ ಉಪಕರಣವೇ ನಿಲ್ದಾಣದಲ್ಲಿ ಬಂಧನಕ್ಕೆ ಕಾರಣವಾಗಬಹುದು. ನೋಂದಾಯಿತ 406 ಸಂಕೇತಕಕ್ಕೆ ಈ ತೊಂದರೆಯಿಲ್ಲ.

ಮರಳಿ ಬರುವಾಗ ಹವಾಮಾನ ಅಥವಾ ಅವಘಡದಿಂದ ಸುಂಕ ನಿಲ್ದಾಣವನ್ನು ತಲುಪಲಾಗದೆ ಬೇರೆಡೆ ಇಳಿಯಬೇಕಾದಲ್ಲಿ ಅದು ಅಪರಾಧವಲ್ಲ. ಅದು ಹುಬ್ಬಳ್ಳಿಯ ನಿಲ್ದಾಣವೇ ಆಗಿರಲಿ, ಯಾವುದೋ ಹೊಲವೇ ಆಗಿರಲಿ, ಸುಂಕ ಅಧಿನಿಯಮದ 29ನೇ ಪ್ರಕರಣದನ್ವಯ ಚಾಲಕರು ತಡಮಾಡದೆ ಸಮೀಪದ ಸುಂಕ ಅಧಿಕಾರಿಗೆ ಅಥವಾ ಪೊಲೀಸ್ ಠಾಣೆಯ ಅಧಿಕಾರಿಗೆ ವರದಿ ಮಾಡಿ, ಕೇಳಿದಲ್ಲಿ ಲಾಗ್ ಪುಸ್ತಕವನ್ನು ಹಾಜರುಪಡಿಸತಕ್ಕದ್ದು. ಒಪ್ಪಿಗೆ ದೊರೆಯುವವರೆಗೆ ಸಾಮಾನುಗಳನ್ನು ಇಳಿಸಬಾರದು, ಪ್ರಯಾಣಿಕರು ವಿಮಾನದ ಸಮೀಪದಿಂದ ಹೋಗಬಾರದು; ಆರೋಗ್ಯ, ಸುರಕ್ಷತೆ ಅಥವಾ ಜೀವ ಉಳಿಸುವ ಸಲುವಾಗಿ ಹೋಗುವುದಕ್ಕೆ ಅಡ್ಡಿಯಿಲ್ಲ. ಇಳಿದ ವಿಷಯವನ್ನು ವಾಯು ಸಂಚಾರ ನಿಯಂತ್ರಣಕ್ಕೂ ಕೂಡಲೇ ತಿಳಿಸಿ ಹಾರಾಟ ಯೋಜನೆಯನ್ನು ಮುಕ್ತಾಯಗೊಳಿಸತಕ್ಕದ್ದು. ಇಲ್ಲವಾದಲ್ಲಿ ಚಾಲಕರು ಮನೆ ಸೇರಿದ ನಂತರವೂ ಸಮುದ್ರದಲ್ಲಿ ಅವರಿಗಾಗಿ ಹುಡುಕಾಟ ನಡೆಯುತ್ತಿರುತ್ತದೆ.